ಗೋಡೆಯಾಚೆ ಓದಿದ ಅಂಕಿಗಳು

ಆ ಡಬ್ಬಿಯನ್ನು ಅಜ್ಜಿ ನೋಡಿದ್ದರೆ, ಅದರೊಳಗೆ ಆರು ಜನ ಅಕ್ಕತಂಗಿಯರು ಮಲಗಿದ್ದಾರೆ ಎಂದು ಕತೆ ಶುರುಮಾಡುತ್ತಿದ್ದಳು. ಒಬ್ಬಳನ್ನು ಕರೆದರೆ ಒಬ್ಬಳೇ ಏಳಬೇಕು. ಉಳಿದ ಐವರ ನಿದ್ದೆ ಕೆಡಬಾರದು. ಕೆಟ್ಟಿತೋ, ಆ ಮನೆಗೆ ಕೇಡು.

ನನಗೂ ಅದು ಹಾಗೆಯೇ ಕಾಣುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಮಾಡುತ್ತಿದ್ದುದು ಹುಡುಕಾಟದ ವಿಮಾನಗಳ ಹೊಟ್ಟೆಯ ಕೆಳಗೆ ಸಿಕ್ಕಿಸುವ ದೀಪದ ಡಬ್ಬಿಗಳನ್ನು. ಸಮುದ್ರದಲ್ಲಿ ದೋಣಿ ಕಾಣೆಯಾದರೆ ವಿಮಾನ ಹೋಗಿ ಒಂದು ದೀಪ ಬೀಳಿಸುತ್ತದೆ. ಅದು ಚಾಪೆಯಗಲದ ಕೊಡೆ ಬಿಚ್ಚಿಕೊಂಡು ನಿಧಾನವಾಗಿ ಇಳಿಯುತ್ತ ನಾಲ್ಕು ನಿಮಿಷ ಉರಿಯುತ್ತದೆ. ಆ ನಾಲ್ಕು ನಿಮಿಷ ನೀರೆಲ್ಲ ಹಗಲು. ಒಂದು ಡಬ್ಬಿಯಲ್ಲಿ ಆರು ದೀಪ. ಪೈಲಟ್ ಗುಂಡಿಯನ್ನು ಒಂದು ಸಲ ಒತ್ತಿದರೆ ಒಂದೇ ದೀಪ ಬೀಳಬೇಕು. ಎರಡೆರಡು ಬಿದ್ದರೆ ಮೂರು ಒತ್ತಿಗೆ ಡಬ್ಬಿ ಖಾಲಿ. ಆಮೇಲೆ ಕೆಳಗೆ ಕೈ ಬೀಸುತ್ತಿರುವವರು ಯಾರಿಗೂ ಕಾಣುವುದಿಲ್ಲ.

ಇದನ್ನೆಲ್ಲ ಕಾಯುತ್ತಿದ್ದುದು ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ ಒಂದು ಡಯೋಡ್. ಕರೆಂಟನ್ನು ಒಂದೇ ಕಡೆಗೆ ಬಿಡುವ, ಹಿಂದಕ್ಕೆ ಬಂದರೆ ಬಾಗಿಲು ಹಾಕಿಕೊಳ್ಳುವ ಚೂರು. ಆರು ದೀಪಕ್ಕೂ ವಾಪಸ್ ತಂತಿ ಒಂದೇ. ಹಾಗಾಗಿ ಆ ಬಾಗಿಲು ಸಡಿಲವಾದರೆ ಮೂರನೆಯವಳನ್ನು ಕರೆಯಲು ಹೋದ ಕರೆಂಟು ಕಳ್ಳದಾರಿ ಹಿಡಿದು ನಾಲ್ಕನೆಯವಳ ತಲೆದಿಂಬಿನ ಹತ್ತಿರವೂ ಹೋಗಿ ಬರುತ್ತದೆ. ಅದಕ್ಕೇ ಪ್ರತಿ ಡಬ್ಬಿಯ ಆರೂ ಬಾಗಿಲುಗಳನ್ನು ಹಿಂದಿನಿಂದ ತಳ್ಳಿ ನೋಡಬೇಕಿತ್ತು. ಮೀಟರಿನಲ್ಲಿ ಬರುವ ಅಂಕಿ ದೊಡ್ಡದಿದ್ದಷ್ಟೂ ಬಾಗಿಲು ಗಟ್ಟಿ. ಐನೂರಕ್ಕಿಂತ ಕಡಿಮೆ ಬಂದರೆ ಡಬ್ಬಿಗೆ ಕೆಂಪು ಚೀಟಿ.

ಅಳೆಯುವ ಕೋಣೆಗೆ ಒಂದು ಗೋಡೆ. ಡಬ್ಬಿಯ ಹತ್ತಿರ ಒಬ್ಬರೇ ಇರಬೇಕು, ಅವರ ಕೈಯಲ್ಲಿ ಮೀಟರಿನ ಎರಡು ಕಡ್ಡಿ ಬಿಟ್ಟು ಮತ್ತೇನೂ ಇರಬಾರದು, ಪೆನ್ನು ಕೂಡ. ಬರೆಯುವವರು ಗೋಡೆಯ ಈಚೆ. ನಡುವೆ ಒಂದು ಕೊಳವೆ. ಆಚೆಯಿಂದ ಅಂಕಿ ಓದುತ್ತಾರೆ, ಈಚೆಯವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳುತ್ತಾರೆ. ಚೀಟಿ ಕಟ್ಟುವುದು, ಕೊನೆಗೆ ಸಹಿ ಹಾಕುವುದು, ಎರಡೂ ಬರೆದವರ ಕೆಲಸ. ಮೀಟರಿನ ಮುಖ ಅವರಿಗೆ ಕಾಣುವುದಿಲ್ಲ, ದನಿ ಮಾತ್ರ.

ಆಚೆ ಇರುತ್ತಿದ್ದವನು ನನ್ನ ಮಾವ, ಅಮ್ಮನ ಅಣ್ಣ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ತಂತಿ ಹಿಡಿಯುವುದನ್ನು ಕಲಿಸಿದವನು, ಪರೀಕ್ಷೆಗೆ ಕೂರಿಸಿ ಕೋಣೆಯೊಳಗೆ ಹೋಗುವ ಹಳದಿ ಬಿಲ್ಲೆ ಕೊಡಿಸಿದವನು. ಆ ಬಿಲ್ಲೆ ಎದೆಯ ಮೇಲಿದ್ದರಷ್ಟೇ ಡಬ್ಬಿಯ ಹತ್ತಿರ ಸುಳಿಯಬಹುದು. ಒಂದು ಸಲ ಕಿತ್ತುಕೊಂಡರೆ ಈ ಕೆಲಸ ಮಾಡುವ ಯಾವ ಕಾರ್ಖಾನೆಯೂ ಮತ್ತೆ ಕೊಡುವುದಿಲ್ಲ.

"ಏನೇ ಕತೆಗಾರ್ತಿ, ಎದ್ದಿದೀಯಾ, ಇಲ್ಲ ಗೊರಕೆನಾ?" ಎಂದು ಕೊಳವೆಯಲ್ಲಿ ಕೇಳಿ ಶುರುಮಾಡುತ್ತಿದ್ದ.

"ಗೊರಕೆ ನಿಂದು ಮಾವ. ಇಲ್ಲಿಗೇ ಕೇಳ್ತಿದೆ."

"ಸರಿ, ಬರ್ಕೋ. ಎಂಟುನೂರ ನಲವತ್ತು."

"ಎಂಟುನೂರ ನಲವತ್ತು."

ಕಾಣದ ಕಡೆಯಿಂದ ಬರುವ ದನಿಯನ್ನು ನಂಬುವುದು ನನಗೆ ಹೊಸದಲ್ಲ. ಅಜ್ಜಿ ಹೇಳುತ್ತಿದ್ದುದೂ ಹೀಗೆಯೇ. ಅವಳು ಅಡುಗೆಮನೆಯಲ್ಲಿ, ನಾನು ನಡುಮನೆಯಲ್ಲಿ. ಗೋಡೆ ದಾಟಿ ಬರುತ್ತಿದ್ದುದು ಕತೆ ಮಾತ್ರ. ಮಾವನೂ ಅದೇ ಕತೆಗಳನ್ನು ಕೇಳಿ ಬೆಳೆದವನು, ಅವಳ ಮಗ. ಅವನ ದನಿಯಲ್ಲಿ ಅವಳ ಎಳೆತ ಇತ್ತು. ಸಾಲಿನ ಕೊನೆಯನ್ನು ಸ್ವಲ್ಪ ಎತ್ತಿ ನಿಲ್ಲಿಸುವುದು, ಮುಂದೇನು ಎಂದು ಕೇಳಿಸುವ ಹಾಗೆ.

ಆ ತಿಂಗಳು ಇಪ್ಪತ್ತು ಡಬ್ಬಿ ಅಳೆದೆವು. ಮೂರು ದಿನದ ಕೆಲಸ. ಎರಡನೆಯ ದಿನ, ಒಂಬತ್ತನೆಯ ಡಬ್ಬಿಗೆ ಬಂದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. "ಏನಾಯ್ತು ಮಾವ?" ಎಂದೆ. "ಕಡ್ಡಿ ಸರಿ ಕೂತಿಲ್ಲ, ತಾಳು" ಎಂದ. ಕಾಗದ ಸರಿದ ಸದ್ದಾಯಿತು. ಆಮೇಲೆ ಓದಿದ: ಎಂಟುನೂರ ನಲವತ್ತು, ಎಂಟುನೂರ ಹನ್ನೆರಡು, ಒಂಬೈನೂರ ಆರು, ಮತ್ತೆ ಎಂಟುನೂರ ಹನ್ನೆರಡು, ಏಳುನೂರ ಎಪ್ಪತ್ತು, ಒಂಬೈನೂರ ಮೂವತ್ತಮೂರು.

ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. 'ಮತ್ತೆ ಎಂಟುನೂರ ಹನ್ನೆರಡು' ಬಂದಾಗ ನಾನು ಮುಗುಳ್ನಕ್ಕಿದ್ದೂ ನೆನಪಿದೆ. ಕೇಳಿದ್ದನ್ನೇ ಮತ್ತೆ ಕೇಳುವುದು ನನಗೆ ಚಿಕ್ಕಂದಿನಿಂದ ಸುಖ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಪೆನ್ನು ಕೆಳಗಿಡುತ್ತಿದ್ದರು. ನಾನು ಆ ಸುಖದಲ್ಲಿ ಇನ್ನೂ ಮೂರು ಡಬ್ಬಿಗಳನ್ನು ಬರೆದುಕೊಂಡು, ನಾಲ್ಕಕ್ಕೂ ಹಸಿರು ಚೀಟಿ ಕಟ್ಟಿ, ಕೆಳಗೆ ದುಂಡಗೆ ಸಹಿ ಹಾಕಿದೆ.

ಹದಿನೈದು ದಿನ ಬಿಟ್ಟು ಕರಾವಳಿಯಿಂದ ಸುದ್ದಿ ಬಂತು. ಅಭ್ಯಾಸದ ಹಾರಾಟದಲ್ಲಿ ಪೈಲಟ್ ಒಂದು ಸಲ ಒತ್ತಿದ್ದಕ್ಕೆ ಎರಡು ದೀಪ ಬಿದ್ದವು. ಇನ್ನೊಂದು ಸಲ ಒತ್ತಿದರೆ ಮೂರು. ಪುಣ್ಯಕ್ಕೆ ಕೆಳಗೆ ಹುಡುಕಬೇಕಾದವರು ಯಾರೂ ಇರಲಿಲ್ಲ. ಡಬ್ಬಿಯ ನಂಬರು ನೋಡಿದರೆ, ಒಂಬತ್ತು.

ಇಪ್ಪತ್ತೂ ಡಬ್ಬಿಗಳು ವಾಪಸಾದವು. ಬೇರೆಯವರು ಅಳೆದರು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಈ ನಾಲ್ಕರಲ್ಲಿ ಅಂಕಿ ತೊಂಬತ್ತು, ಅರವತ್ತು ಎಂದು ಬಂತು. ಬಾಗಿಲುಗಳಲ್ಲ, ಹರಕು ಪರದೆಗಳು. ನನ್ನ ಕೈಬರಹದಲ್ಲಿ ಮಾತ್ರ ಎಲ್ಲವೂ ಏಳುನೂರರ ಮೇಲೆ, ಕೆಳಗೆ ನನ್ನ ಸಹಿ. ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಬಿಲ್ಲೆಯನ್ನು ಕಚೇರಿಗೆ ಒಪ್ಪಿಸಬೇಕು ಎಂದು ನೋಟಿಸು ಬಂತು.

ಬಿಲ್ಲೆ ಬಿಚ್ಚಿಕೊಟ್ಟು ಬಂದು ಬೆಂಚಿನಲ್ಲಿ ಕೂತಾಗ ಆ ಆರು ಅಂಕಿಗಳು ತಲೆಯಲ್ಲಿ ತಮ್ಮಷ್ಟಕ್ಕೆ ಓಡತೊಡಗಿದವು. ಮತ್ತೆ ಎಂಟುನೂರ ಹನ್ನೆರಡು. ಅಜ್ಜಿಯ ಕತೆಯಾದರೆ ಮೂರನೆಯ ಸಾಲಿಗೇ ಇದು ಯಾವುದೆಂದು ಹೇಳಿಬಿಡುತ್ತಿದ್ದೆ. ಇದು ಯಾವುದು? ಎದ್ದು ದಾಖಲೆ ಕೋಣೆಗೆ ಹೋದೆ. ಅದರ ಬೀಗದ ಕೈ ಇರುವುದು ಸೋಲ್ಡರ್ ಅಕ್ಕನ ಹತ್ತಿರ. ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿ ಕಣ್ಣು ಮಂದವಾದ ಮೇಲೆ ಪುಸ್ತಕ ಕಾಯಲು ಕೂರಿಸಿದ್ದರು. ಹೆಸರು ಮಾತ್ರ ಹಳೆಯದೇ ಉಳಿದಿತ್ತು.

"ಹೋದ ವರ್ಷದ ಪುಸ್ತಕ ಕೊಡಕ್ಕ."

"ಯಾಕೆ, ಈ ವರ್ಷದ್ದು ಸಾಕಾಗ್ಲಿಲ್ವಾ ಅಳೋಕೆ?" ಎಂದಳು. ಕೊಟ್ಟಳು.

ಹೋದ ವರ್ಷದ ನಾಲ್ಕನೆಯ ಡಬ್ಬಿ. ಎಂಟುನೂರ ನಲವತ್ತು, ಎಂಟುನೂರ ಹನ್ನೆರಡು, ಒಂಬೈನೂರ ಆರು. ಅದೂ ನನ್ನದೇ ಕೈಬರಹ. ಐದನೆಯದು ನಮ್ಮ ಹತ್ತನೆಯದು. ಆರನೆಯದು ಹನ್ನೊಂದು. ಏಳನೆಯದು ಹನ್ನೆರಡು. ಒಂದಂಕಿಯೂ ಆಚೀಚೆ ಇಲ್ಲ.

ಸಂಜೆ ಎಲ್ಲರೂ ಕೈ ತೊಳೆದು ಹೋದ ಮೇಲೆ ನಲ್ಲಿಗಳ ಹತ್ತಿರ ಮಾವನನ್ನು ಹಿಡಿದೆ. ಎರಡೂ ಪುಸ್ತಕಗಳ ಆ ನಾಲ್ಕು ಡಬ್ಬಿಗಳ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ತೋರಿಸಿದೆ. ಮಾವ ಸೋಪಿನ ಕೈಯಲ್ಲೇ ನಿಂತ.

"ಮಾವ, ಹಳೇ ಪುಸ್ತಕ ನೋಡಿ ಓದಿದ್ಯಾ?"

ನೀರು ಹರಿಯುತ್ತಲೇ ಇತ್ತು. ಅವನು ನಲ್ಲಿ ನಿಲ್ಲಿಸಿದ.

"ಹೂಂ" ಎಂದ.

ಇಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಹೂಂ ಎಂದಾಗ ಅಳು ಬರುವ ಬದಲು ಹಗುರವಾಯಿತು. ನನ್ನ ಹತ್ತಿರ ಸುಳ್ಳು ಹೇಳಲಿಲ್ಲವಲ್ಲ ಎಂದು.

"ಆ ಡಯೋಡುಗಳು ಬಂದಾಗ ಒಂದನ್ನೂ ಅಳೀದೆ ಒಳಗೆ ಬಿಟ್ಟವನು ನಾನು ಕಣೇ. ಅವಸರ ಇತ್ತು, ಸಹಿ ಹಾಕ್ಬಿಟ್ಟೆ. ನಾಲ್ಕು ಡಬ್ಬಿಗೆ ಕೆಂಪು ಚೀಟಿ ಬಿದ್ರೆ ಮೊದಲು ಕೇಳೋದೇ, ಇದನ್ನ ಒಳಗೆ ಬಿಟ್ಟೋರು ಯಾರು ಅಂತ. ನಂಗೆ ರಿಟೈರ್ ಆಗೋಕೆ ಉಳಿದಿರೋದು ಮೂರು ತಿಂಗಳು. ಮೂವತ್ತೊಂದು ವರ್ಷ ಒಂದು ಗೀಟು ಬಿದ್ದಿಲ್ಲ."

"ಮತ್ತೆ ನಾನು?"

"ನೀನ್ಯಾಕೆ ಹೆದರ್ತೀಯ? ನಾನಿದೀನಲ್ಲ. ಸೋಮವಾರ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ಬೇರೆಯವರ ಬಾಯಿಂದ ಬಂದ್ರೆ ಕೆಟ್ಟದಾಗಿ ಕಾಣುತ್ತೆ. ಅಲ್ಲೀವರೆಗೆ ನೀನು ಯಾರ ಹತ್ರಾನೂ ಬಾಯಿ ಬಿಡಬೇಡ. ಅಮ್ಮನ ಹತ್ರಾನೂ. ಆಯ್ತಾ ಪುಟ್ಟಿ?"

ಆಯ್ತು ಎಂದೆ. ಚೀಟಿಯನ್ನು ಅವನೇ ಇಟ್ಟುಕೊಂಡ. ಒದ್ದೆ ಕೈಯಿಂದ ನನ್ನ ತಲೆ ಸವರಿದ. ಶನಿವಾರ, ಭಾನುವಾರ ನನಗೆ ಅವನದೇ ಚಿಂತೆ. ಅಷ್ಟು ಜನರ ಮುಂದೆ ಹೇಗೆ ಹೇಳುತ್ತಾನೋ, ದನಿ ನಡುಗುತ್ತದೋ ಏನೋ ಎಂದು.

ವಿಚಾರಣೆಗೆ ಬಂದ ಮೇಡಂ ಸಣ್ಣ ದೇಹದವರು. ಮೇಜಿನ ಮೇಲೆ ಎರಡು ಕನ್ನಡಕ. ಕಾರಿಡಾರಿನಲ್ಲಿ ಸೋಲ್ಡರ್ ಅಕ್ಕ ನನ್ನ ಕಿವಿಯಲ್ಲಿ, "ಒಂದು ಓದೋಕೆ, ಇನ್ನೊಂದು ನಮ್ಮನ್ನ ಹೆದರಿಸೋಕೆ" ಎಂದಿದ್ದಳು. ಮೇಡಂ ಹೆದರಿಸುವ ಕನ್ನಡಕ ಹಾಕಿಕೊಂಡು ಮೊದಲು ನನ್ನನ್ನೇ ಕೇಳಿದರು.

"ಈ ಅಂಕಿಗಳನ್ನ ಬರೆದಿದ್ದು ನೀವಾ?"

"ಹೌದು ಮೇಡಂ."

"ಇವರು ಓದಿದ್ದನ್ನೇ ಬರೆದ್ರಾ?"

ನಾನು ಮಾವನ ಕಡೆ ನೋಡಿದೆ. ಈಗ ಹೇಳುತ್ತಾನೆ. ಅವನು ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ದನಿ ನಡುಗಲಿಲ್ಲ.

"ಮೇಡಂ, ನಾನು ಮೀಟರಲ್ಲಿ ಇದ್ದದ್ದನ್ನೇ ಓದಿದೀನಿ. ಒಂಬತ್ತನೇದು ತೊಂಬತ್ತು ಬಂತು, ಹತ್ತನೇದು ಅರವತ್ತು. ಈ ನಾಲ್ಕಕ್ಕೆ ಕೆಂಪು ಚೀಟಿ ಕಟ್ಟು ಅಂತಾನೂ ಹೇಳಿದೆ."

ಇದು ಪೀಠಿಕೆ ಎಂದುಕೊಂಡೆ. ಎಲ್ಲಿಂದಲೋ ಸುತ್ತಿ ಬಂದು ನಿಜಕ್ಕೆ ಮುಟ್ಟುತ್ತಾನೆ ಎಂದು ಕಾದೆ. ಕೇಳಿ ಕೇಳಿ ಅಭ್ಯಾಸವಾದವಳಲ್ಲವೇ ನಾನು.

"ಹಾಗಾದರೆ ಇವರು ಬೇರೆ ಯಾಕೆ ಬರೆದ್ರು?"

"ಹೇಗೆ ಹೇಳಲಿ ಮೇಡಂ..." ಮಾವ ಒಂದು ಕ್ಷಣ ತಲೆ ತಗ್ಗಿಸಿದ. "ನನ್ನ ತಂಗಿ ಮಗಳು. ಒಳ್ಳೇ ಹುಡುಗಿ. ಆದ್ರೆ ಮನಸ್ಸು ಇಲ್ಲಿರಲ್ಲ. ನಮ್ಮಮ್ಮ ಕತೆ ಹೇಳಿ ಹೇಳಿ ಬೆಳೆಸಿದ್ಲು. ಒಂದು ಮಾತು ಕೇಳ್ತಿದ್ದ ಹಾಗೆ ಎಲ್ಲೋ ಹೋಗ್ಬಿಡ್ತಾಳೆ. ಬಾಯಿ ನಾನು ಹೇಳಿದ್ದನ್ನ ತಿರುಗಿ ಹೇಳುತ್ತೆ, ಕೈ ಇನ್ನೇನೋ ಬರೆಯುತ್ತೆ. ಎಷ್ಟೋ ಅಂಕಿ ಬಿಟ್ಟುಹೋಗಿರಬೇಕು, ಹಳೇ ಪುಸ್ತಕದಿಂದ ತುಂಬಿಸಿದಾಳೆ. ಹೋದ ವರ್ಷದ ನಾಲ್ಕರಿಂದ ಏಳನೇ ಡಬ್ಬಿ ನೋಡಿ, ತಮಗೇ ಗೊತ್ತಾಗುತ್ತೆ."

ನನ್ನ ಚೀಟಿ. ನಾನು ಹುಡುಕಿ, ಬರೆದು, ಸೋಪಿನ ಕೈಗೆ ಕೊಟ್ಟ ಚೀಟಿ.

ಮೇಡಂ ಕನ್ನಡಕ ಬದಲಿಸಿ ಪುಟ ತಿರುವಿದರು. ಬೆರಳನ್ನು ಎರಡು ಪುಸ್ತಕಗಳ ಮೇಲೂ ಸಾಲಾಗಿ ಓಡಿಸಿದರು. "ಎರಡೂ ಒಂದೇ ಕೈಬರಹ" ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಮಾವನಿಗೆ, "ಚೀಟಿ ಕಟ್ಟಿದ್ದನ್ನ ನೀವು ಮತ್ತೆ ನೋಡಲಿಲ್ವಾ?"

"ನೋಡಬೇಕಿತ್ತು. ಅದು ನನ್ನ ತಪ್ಪು, ಒಪ್ಕೋತೀನಿ. ಮನೆ ಹುಡುಗಿ ಅಂತ ನಂಬಿದೆ."

ನಂಬಿದೆ ಎನ್ನುವಾಗ ಸಾಲಿನ ಕೊನೆಯನ್ನು ಸ್ವಲ್ಪ ಎತ್ತಿ ನಿಲ್ಲಿಸಿದ, ಅಜ್ಜಿಯ ಹಾಗೆಯೇ. ಕೋಣೆಯಲ್ಲಿದ್ದ ನಾಲ್ಕು ಜನ ತಲೆಯಾಡಿಸಿದರು. ಅವರಲ್ಲಿ ಇಬ್ಬರಿಗೆ ನಾನು ಊಟದ ಬಿಡುವಿನಲ್ಲಿ ಕತೆ ಹೇಳಿದ್ದೆ.

"ನೀವು ಏನಾದರೂ ಹೇಳೋದಿದೆಯಾ?" ಎಂದರು ಮೇಡಂ.

ನಾನು ಬಾಯಿ ತೆರೆದೆ. ಹೇಳುವುದು ತುಂಬ ಇತ್ತು. ಹಳೆಯ ಪುಸ್ತಕ ನೋಡಿ ಓದಿದ್ದು ಮಾವನೇ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಅವನೇ ಒಪ್ಪಿಕೊಂಡ ಎಂದರೆ, ಕೇಳಿದವರು ಯಾರು ಎನ್ನುತ್ತಾರೆ. ಕೇಳಿದ್ದು ನಾನು ಮತ್ತು ಆ ನಲ್ಲಿ ಮಾತ್ರ.

"ಊಟ ಆದ ಮೇಲೆ ನಿರ್ಧಾರ ಹೇಳ್ತೀನಿ" ಎಂದು ಮೇಡಂ ಎದ್ದರು. ಹಳದಿ ಬಿಲ್ಲೆ ಅವರ ಕಡತದ ಮೇಲೆ ಮಗುಚಿ ಬಿದ್ದಿತ್ತು.

ಸೋಲ್ಡರ್ ಅಕ್ಕ ನನ್ನನ್ನು ದಾಖಲೆ ಕೋಣೆಯೊಳಕ್ಕೆ ಎಳೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದಳು. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಊಟ ಹಾಕಿ ನನ್ನ ತೊಡೆಯ ಮೇಲಿಟ್ಟಳು. ನಾನು ನಡೆದದ್ದನ್ನು ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಏನು, ನೀನು ಹಳೇ ಪುಸ್ತಕ ಪಕ್ಕದಲ್ಲಿಟ್ಕೊಂಡು ನಕಲು ಹೊಡೆದ್ಯಂತಾ?"

"ಹೂಂ."

"ಗಾಳಿಯಲ್ಲಿ ಹಾರಿ ಬಂತಾ ನಿನ್ನ ಹತ್ರ? ನಾನು ನಿಂಗೆ ಕೊಟ್ಟಿದ್ದು ಮೊನ್ನೆ ಶುಕ್ರವಾರ, ಅಳತೆ ಮುಗಿದು ಎಷ್ಟೋ ದಿನ ಆದ್ಮೇಲೆ." ಕೈ ಒರೆಸಿಕೊಂಡು ರಿಜಿಸ್ಟರ್ ಎಳೆದಳು. ಪುಟ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬೆರಳು ಜಾರಿಸಿದಳು. "ಅಳತೆಯ ಎರಡನೇ ದಿನ ಬೆಳಿಗ್ಗೆ ಹೋಗಿದೆ, ಮಾರನೇ ದಿನ ಸಂಜೆ ವಾಪಸ್ ಬಂದಿದೆ. ಸಹಿ ಯಾರ್ದು, ನೀನೇ ಓದು. ನಂಗೆ ಕಣ್ಣು ಮಂದ."

ಓದಬೇಕಾಗಿರಲಿಲ್ಲ. ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆ ಪ್ರತಿ ವರ್ಷ ಬಿದ್ದ ಸಹಿ ಅದು. ತಂದೆ ಅಥವಾ ಪೋಷಕರು ಎಂದಿದ್ದ ಕಡೆ.

ಎರಡನೆಯ ದಿನ ಬೆಳಿಗ್ಗೆ. ಎಂದರೆ, ಒಂಬತ್ತನೆಯ ಡಬ್ಬಿಯ ಮುಂದೆ ನಿಂತು ಗಾಬರಿಯಲ್ಲಿ ಹೊಳೆದ ಉಪಾಯವಲ್ಲ. ಮೊದಲನೆಯ ದಿನ ಸಂಜೆ ನಾನು ಮನೆಗೆ ಹೋದ ಮೇಲೆ ಒಬ್ಬನೇ ಅಳೆದು ನೋಡಿದ್ದಾನೆ. ರಾತ್ರಿಯೆಲ್ಲ ಯೋಚಿಸಿದ್ದಾನೆ. ಬೆಳಿಗ್ಗೆ ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ, "ಏನೇ ಕತೆಗಾರ್ತಿ, ಎದ್ದಿದೀಯಾ" ಎಂದಿದ್ದಾನೆ.

"ಇದನ್ನ ತೋರಿಸಿದ್ರೆ ಮಾವನ ಕತೆ ಮುಗಿದ ಹಾಗೇ ಅಕ್ಕ."

"ತೋರಿಸದಿದ್ರೆ ನಿಂದು ಮುಗಿಯುತ್ತೆ. ನಾನೇ ತಗೊಂಡು ಹೋಗ್ಲಾ?"

"ಬೇಡ. ನಾನೇ ಕೊಡ್ತೀನಿ."

ರಿಜಿಸ್ಟರನ್ನು ಎದೆಗವಚಿಕೊಂಡು ಕಾರಿಡಾರ್ ದಾಟುವಾಗ ಮಾವ ಕಿಟಕಿಯ ಹತ್ತಿರ ಒಬ್ಬನೇ ಚಹಾ ಕುಡಿಯುತ್ತಿದ್ದ. ನನ್ನ ಕೈಯಲ್ಲಿ ಏನಿದೆ ಎಂದು ಅವನಿಗೆ ರಟ್ಟಿನ ಬಣ್ಣದಿಂದಲೇ ತಿಳಿಯಿತು. ಲೋಟ ಕಿಟಕಿಯ ಮೇಲಿಟ್ಟ. ತಡೆಯುತ್ತಾನೆ, ಕರೆಯುತ್ತಾನೆ ಎಂದುಕೊಂಡೆ. ಕರೆದಿದ್ದರೆ ನಿಲ್ಲುತ್ತಿದ್ದೆನೋ ಏನೋ. ಅವನು ಕರೆಯಲಿಲ್ಲ.

ಮೇಡಂ ಆ ಸಾಲನ್ನು ಎರಡು ಸಲ ಓದಿದರು. ಮಾವನನ್ನು ಒಳಗೆ ಕರೆಸಿದರು. "ಅಳತೆ ನಡೀತಿದ್ದಾಗ ಹಳೇ ಪುಸ್ತಕ ನಿಮ್ಮ ಹತ್ರ ಇತ್ತು. ಗೋಡೆ ಆಚೆ. ಈಚೆ ಕೂತವರು ಅದರಿಂದ ಹೇಗೆ ನಕಲು ಮಾಡಿದ್ರು?" ಎಂದರು. ಮಾವ ಗೋಡೆಯನ್ನು ನೋಡುತ್ತ ನಿಂತ. ಮೇಡಂ ನನ್ನ ಬಿಲ್ಲೆಯನ್ನು ಮೇಜಿನ ಮೇಲೆ ಈ ಕಡೆಗೆ ತಳ್ಳಿದರು. "ಕೇಳಿದ್ದನ್ನೆಲ್ಲ ಬರೀಬೇಡಿ ಇನ್ನು ಮುಂದೆ" ಎಂದರು. ಅದು ಬುದ್ಧಿಮಾತೋ ಬೈಗುಳವೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಪಿನ್ನನ್ನು ಸೋಲ್ಡರ್ ಅಕ್ಕ ಹಾಕಿದಳು.

ನಾನು ಮನೆ ತಲುಪುವ ಮೊದಲೇ ಅಮ್ಮನಿಗೆ ಸುದ್ದಿ ಮುಟ್ಟಿತ್ತು. ನಾನು ಒಳಗೆ ಬಂದಾಗ ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚುತ್ತಿದ್ದಳು.

"ನಾಳೆಯಿಂದ ಬರಬೇಡ ಅಂದಿದಾರಂತೆ ಅಣ್ಣಂಗೆ."

"ನಂಗೆ ಅನ್ನಬೇಕಿತ್ತಾ ಅಮ್ಮ?"

"ನಿಂಗಿನ್ನೂ ವಯಸ್ಸಿದೆ. ಇಲ್ಲಲ್ಲದಿದ್ರೆ ಇನ್ನೊಂದು ಕಡೆ, ಇದಲ್ಲದಿದ್ರೆ ಇನ್ನೊಂದು ಕೆಲಸ. ಅವನಿಗೆ ಮೂರು ತಿಂಗಳು, ಬರೀ ಮೂರು ತಿಂಗಳು. ಒಂದು ಮಾತು ಸಹಿಸ್ಕೊಂಡಿದ್ರೆ ಏನಾಗ್ತಿತ್ತೇ? ನಿನ್ನ ಓದಿಸಿದ ಕೈ ಅದು."

"ಸುಳ್ಳು ಹೇಳಿದ್ದು ಅವನು."

"ಗೊತ್ತು" ಎಂದಳು ಅಮ್ಮ. ಆ 'ಗೊತ್ತು' ಬಂದ ರೀತಿ ಸರಿಯಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಬಟ್ಟೆಯ ಅಂಚು ಸರಿಮಾಡಿದಳು. "ಭಾನುವಾರ ಹೇಳಿದ್ದ. ಹೀಗ್ಹೀಗೆ ಹೇಳಬೇಕಾಗುತ್ತೆ, ಅವಳಿಗೆ ಆಮೇಲೆ ಸಮಾಧಾನ ಮಾಡೋಣ ಅಂತ. ನಾನೇನು ಮಾಡ್ಲಿ? ನನ್ನ ಅಣ್ಣ."

ಭಾನುವಾರ. ಅಮ್ಮನ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದ, ನಾನು ಬಿಟ್ಟಿರಲಿಲ್ಲ. ಆ ದಿನವೆಲ್ಲ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಯಾಕೆ ಮಂಕಾಗಿದೀಯ ಎಂದು ಎರಡು ಸಲ ಕೇಳಿದ್ದಳು.

ಮುಂದಿನ ವಾರ, ರಜೆಯ ದಿನ ಬೆಳಿಗ್ಗೆ ಮಾವ ಬಂದ. ಯಾವಾಗಲೂ ನೇರ ಅಡುಗೆಮನೆಗೆ ನುಗ್ಗುವವನು ಹೊಸ್ತಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತ. ಅಮ್ಮ ಒಳಗೆ ಪಾತ್ರೆ ಸದ್ದು ಮಾಡತೊಡಗಿದಳು, ನಮ್ಮಿಬ್ಬರನ್ನೇ ಬಿಡುವುದಕ್ಕೆ.

"ಬಿಲ್ಲೆ ಕೊಟ್ರಂತಲ್ಲ" ಎಂದ.

"ಹೂಂ."

"ಒಳ್ಳೇದಾಯ್ತು."

ಅದನ್ನು ಮನಸಾರೆ ಹೇಳಿದ ಹಾಗಿತ್ತು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

"ಮಾವ, ತಪ್ಪನ್ನ ನನ್ನ ಮೇಲೆ ಹಾಕಿದ್ದು ಒಂದು. ಮೈಮರೀತಾಳೆ, ಕತೆಯಲ್ಲಿ ಮುಳುಗಿರ್ತಾಳೆ ಅಂತ ಯಾಕೆ ಹೇಳ್ದೆ? ಕೈ ಜಾರಿತು ಅನ್ನಬಹುದಿತ್ತು. ಜ್ವರ ಇತ್ತು ಅನ್ನಬಹುದಿತ್ತು."

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. ಈ ಪ್ರಶ್ನೆಗಾದರೂ ನಿಜ ಹೇಳೋಣ ಎಂದು ಬಂದವನ ಹಾಗಿದ್ದ.

"ಬೇರೆ ಏನು ಹೇಳಿದ್ರೂ ಅವರು ನಂಬ್ತಿರ್ಲಿಲ್ಲ ಕಣೇ" ಎಂದ. "ಸೋಮಾರಿ ಅಂದ್ರೆ ನಗ್ತಿದ್ರು, ನಿನ್ನ ಕೆಲಸ ಎಲ್ಲರೂ ನೋಡಿದಾರೆ. ಕೈ ಜಾರಿತು ಅಂದ್ರೆ ನಾಲ್ಕು ಸಲ ಜಾರಲ್ಲ. ಕೂತು ಯೋಚನೆ ಮಾಡ್ದೆ, ನಿನ್ನ ಬಗ್ಗೆ ಏನು ಹೇಳಿದ್ರೆ ಜನ ನಂಬ್ತಾರೆ ಅಂತ. ಇದೊಂದೇ ಸಿಕ್ಕಿದ್ದು."

ಅಮ್ಮ ಒಳಗಿಂದ, "ಅಣ್ಣ, ಊಟ ಮಾಡ್ಕೊಂಡೇ ಹೋಗು. ತಟ್ಟೆ ಹಾಕ್ತಿದೀನಿ. ಇವಳೇ, ನೀರು ಇಡು ಬಾ" ಎಂದಳು.

ನಾನು ಮೂರು ಲೋಟ ತೊಳೆದು ನೀರು ತುಂಬಿಸಿ ಇಟ್ಟೆ. ಮಾವ ಕೈ ತೊಳೆಯಲು ಹಿತ್ತಲಿಗೆ ಹೋದ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಊಟದ ಹೊತ್ತಲ್ಲಿ ಎಲ್ಲಿಗೇ?"

"ಸೋಲ್ಡರ್ ಅಕ್ಕ ಕರೆದಿದಾಳೆ. ಅವಳಿಗೆ ಹುಷಾರಿಲ್ಲವಂತೆ."

ಸೋಲ್ಡರ್ ಅಕ್ಕ ಕಲ್ಲುಗುಂಡಿನ ಹಾಗಿದ್ದಳು, ಕರೆದೂ ಇರಲಿಲ್ಲ. ಅಮ್ಮನಿಗೆ ನಾನು ಹೇಳಿದ ಮೊದಲನೆಯ ಸುಳ್ಳು ಅದು. ತಲೆ ತಗ್ಗಿಸದೆ, ಅವಳ ಕಣ್ಣನ್ನೇ ನೋಡುತ್ತ ಹೇಳಿದೆ.

"ಅಯ್ಯೋ ಪಾಪ, ಹೋಗಿ ಬಾ. ಬಿಸಿಲಿದೆ, ನೆರಳಲ್ಲಿ ನಡಿ" ಎಂದಳು ಅಮ್ಮ.

ಒಂದು ಚೂರೂ ಅನುಮಾನಪಡಲಿಲ್ಲ.